ಮಳೆ ಇಲ್ಲದ ತಿಂಗಳಲ್ಲೂ ಸರ್ಕಾರವನ್ನು ಕೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹವಾಮಾನ ಬದಲಾವಣೆಯ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಾನು ತಪ್ಪದೆ ಓದುತ್ತೇನೆ. ಸಾಮಾನ್ಯವಾಗಿ ಎರಡೇ ಬಗೆಯ ಸುದ್ದಿ ಇರುತ್ತದೆ. ದೇಶಗಳ ನಾಯಕರು ಸಮ್ಮೇಳನದಲ್ಲಿ ಏನು ಹೇಳಿದರು ಅನ್ನುವುದು ಒಂದು. ಎಲ್ಲಿ ನೆರೆ ಬಂತು, ಎಷ್ಟು ಜನ ಸತ್ತರು ಅನ್ನುವುದು ಇನ್ನೊಂದು. ಇವೆರಡರ ನಡುವೆ ಇರುವವರ ಬಗ್ಗೆ ಬರೆಯುವುದು ಕಡಿಮೆ. ಅದು ರಾಜ್ಯ ಸರ್ಕಾರ. ಕೆಲವು ದೇಶಗಳಲ್ಲಿ ಅದನ್ನು ಪ್ರಾಂತ್ಯ ಅನ್ನುತ್ತಾರೆ, ಕೆಲವು ಕಡೆ ಸ್ವಾಯತ್ತ ಪ್ರದೇಶ ಅನ್ನುತ್ತಾರೆ. ಹೆಸರು ಏನೇ ಇರಲಿ, ದೇಶಗಳ ಒಪ್ಪಂದಕ್ಕೆ ಸಹಿ ಹಾಕಲು ಅದಕ್ಕೆ ಅಲ್ಲಿ ಕುರ್ಚಿ ಇಲ್ಲ. ಆದರೆ ಮನೆಗೆ ನೀರು ನುಗ್ಗಿದಾಗ ಮೊದಲು ಬರಬೇಕಾದದ್ದು ಅದೇ. ಈ ಸರ್ಕಾರಗಳ ಬಗ್ಗೆ ಬಹಳ ದಿನದಿಂದ ನನ್ನ ಮನಸ್ಸಿನಲ್ಲಿ ಒಂದು ಮಾತಿದೆ. ಪತ್ರ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಅಕ್ಟೋಬರ್ 29 ಅನ್ನುವ ತಾರೀಕಿನಿಂದ ಶುರು ಮಾಡುತ್ತೇನೆ.

1999ರ ಅಕ್ಟೋಬರ್ 29ರಂದು ಒಡಿಶಾದ ಕರಾವಳಿಗೆ ಸೂಪರ್ ಸೈಕ್ಲೋನ್ ಅಪ್ಪಳಿಸಿತು. ಗಾಳಿಯ ವೇಗ ಗಂಟೆಗೆ 250 ಕಿಲೋಮೀಟರ್ ದಾಟಿತ್ತು. ಸಮುದ್ರ ಉಕ್ಕಿ ಬಂದು ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಕಡೆಯ ಹಳ್ಳಿಗಳು ಮುಳುಗಿಹೋದವು. ಸರ್ಕಾರದ ಲೆಕ್ಕದಲ್ಲೇ ಸತ್ತವರು ಹತ್ತಿರ ಹತ್ತಿರ 10 ಸಾವಿರ ಮಂದಿ. ಚಂಡಮಾರುತ ಬರುತ್ತಿದೆ ಅನ್ನುವುದು ಹವಾಮಾನ ಇಲಾಖೆಗೆ ಗೊತ್ತಿತ್ತು. ಆದರೆ ಆ ಮಾತು ಹಳ್ಳಿಯ ಕೊನೆಯ ಮನೆಗೆ ಸರಿಯಾಗಿ ಮುಟ್ಟಲಿಲ್ಲ. ಮುಟ್ಟಿದ್ದರೂ ಓಡಿ ಹೋಗಿ ನಿಲ್ಲಲು ಗಟ್ಟಿಯಾದ ಕಟ್ಟಡಗಳು ತೀರಾ ಕಡಿಮೆ ಇದ್ದವು.

ಆಮೇಲೆ ಏನಾಯಿತು ಅನ್ನುವುದು ಮುಖ್ಯ. ಅದೇ ಡಿಸೆಂಬರ್‌ನಲ್ಲಿ ಆ ರಾಜ್ಯ ವಿಪತ್ತು ನಿರ್ವಹಣೆಗೆ ಅಂತಲೇ ಒಂದು ಪ್ರಾಧಿಕಾರ ಮಾಡಿತು. ಇಡೀ ಭಾರತಕ್ಕೆ ವಿಪತ್ತು ನಿರ್ವಹಣಾ ಕಾಯ್ದೆ ಬಂದದ್ದು 2005ರಲ್ಲಿ, ಅಂದರೆ ಒಡಿಶಾ ದೇಶಕ್ಕಾಗಿ ಕಾಯುತ್ತಾ ಕೂರಲಿಲ್ಲ. ಪ್ರಾಧಿಕಾರ ಆದ ಕೆಲವೇ ತಿಂಗಳಿಗೆ ಚುನಾವಣೆ ಬಂತು, ಸರ್ಕಾರ ಬದಲಾಯಿತು. ಹೊಸದಾಗಿ ಬಂದವರು ಬೇರೆ ಪಕ್ಷದವರು. ಅವರು ಅದನ್ನು ಮುಚ್ಚಲಿಲ್ಲ, ಬೆಳೆಸಿದರು. 2001ರಲ್ಲಿ ರಾಜ್ಯದ್ದೇ ಆದ ರಕ್ಷಣಾ ಪಡೆ ಕಟ್ಟಿದರು. ಕರಾವಳಿಯ ಉದ್ದಕ್ಕೂ ಕಂಬಗಳ ಮೇಲೆ ನಿಲ್ಲುವ ಎತ್ತರದ ಆಶ್ರಯ ಕಟ್ಟಡಗಳನ್ನು ಒಂದೊಂದಾಗಿ ಕಟ್ಟುತ್ತಾ ಹೋದರು, ಅವು ಈಗ ನೂರಾರು ಇವೆ. ಬಹಳಷ್ಟು ಕಟ್ಟಡಗಳಲ್ಲಿ ಉಳಿದ ದಿನಗಳಲ್ಲಿ ಶಾಲೆ ನಡೆಯುತ್ತದೆ, ಊರಿನ ಸಭೆ ನಡೆಯುತ್ತದೆ. ಇದು ತುಂಬಾ ಜಾಣತನದ ಕೆಲಸ ಅನ್ನಿಸುತ್ತದೆ ನನಗೆ, ಯಾಕೆಂದರೆ ದಿನವೂ ಬಳಸುವ ಕಟ್ಟಡಕ್ಕೆ ಬೀಗ ತುಕ್ಕು ಹಿಡಿಯುವುದಿಲ್ಲ, ಕೀಲಿ ಯಾರ ಹತ್ತಿರ ಇದೆ ಅಂತ ರಾತ್ರಿ ಹುಡುಕಬೇಕಾಗಿಲ್ಲ, ಮಕ್ಕಳಿಗೂ ಮುದುಕರಿಗೂ ಕತ್ತಲಲ್ಲೇ ದಾರಿ ಗೊತ್ತಿರುತ್ತದೆ. ಊರಿನ ಹುಡುಗ ಹುಡುಗಿಯರಿಗೇ ತರಬೇತಿ ಕೊಟ್ಟರು. ಯಾರು ವೃದ್ಧರನ್ನು ಕರೆತರಬೇಕು, ಯಾರು ಬಸುರಿಯರನ್ನು ಮೊದಲೇ ಆಸ್ಪತ್ರೆಗೆ ಸೇರಿಸಬೇಕು ಅನ್ನುವುದನ್ನು ಮುಂಚೆಯೇ ಗೊತ್ತು ಮಾಡಿ, ಅಣಕು ಕಾರ್ಯಾಚರಣೆ ಮಾಡಿ ಅಭ್ಯಾಸ ಮಾಡಿಸಿದರು.

2013ರ ಅಕ್ಟೋಬರ್‌ನಲ್ಲಿ ಫೈಲಿನ್ ಬಂತು. ಅದೂ ದೊಡ್ಡ ಚಂಡಮಾರುತವೇ. ಅಷ್ಟರಲ್ಲಿ ಸುಮಾರು 10 ಲಕ್ಷ ಜನರನ್ನು ಕರಾವಳಿಯಿಂದ ಎಬ್ಬಿಸಿ ಬೇರೆ ಕಡೆ ಸೇರಿಸಿದ್ದರು. ಸತ್ತವರ ಸಂಖ್ಯೆ ಹತ್ತಾರರಲ್ಲಿ ನಿಂತಿತು. 2019ರ ಮೇ 3ರಂದು ಫನಿ ಬಂದಾಗ ಸ್ಥಳಾಂತರ ಆದವರು ಸುಮಾರು 12 ಲಕ್ಷ, ಸತ್ತವರು 64 ಮಂದಿ. ಒಂದೊಂದು ಸಾವೂ ದೊಡ್ಡದೇ, ಆ 64 ಮನೆಗಳಿಗೆ ಯಾವ ಹೋಲಿಕೆಯೂ ಸಮಾಧಾನ ಕೊಡುವುದಿಲ್ಲ. ಆದರೂ 10 ಸಾವಿರದಿಂದ 64ಕ್ಕೆ ಬಂದದ್ದು 20 ವರ್ಷಗಳ ಕೆಲಸದಿಂದ. ಅದರಲ್ಲಿ ಹೆಚ್ಚಿನ ಕೆಲಸ ನಡೆದದ್ದು ಚಂಡಮಾರುತ ಇಲ್ಲದ ವರ್ಷಗಳಲ್ಲಿ. ಆ ರಾಜ್ಯದಲ್ಲಿ ಇವತ್ತಿಗೂ ಅಕ್ಟೋಬರ್ 29 ವಿಪತ್ತು ಸಿದ್ಧತೆಯ ದಿನ.

ಒಡಿಶಾ ಎಲ್ಲವನ್ನೂ ಗೆದ್ದಿದೆ ಅಂತ ನಾನು ಹೇಳುತ್ತಿಲ್ಲ. ಫನಿ ಹೋದ ಮೇಲೆ ಲಕ್ಷಾಂತರ ಮನೆಗಳು ಹಾಳಾಗಿದ್ದವು, ಪುರಿಯಲ್ಲಿ ಎಷ್ಟೋ ಬಡಾವಣೆಗಳಿಗೆ ವಾರಗಟ್ಟಲೆ ಕರೆಂಟ್ ಇರಲಿಲ್ಲ. ಜೀವ ಉಳಿಯಿತು, ಬದುಕು ಉಳಿಯಲಿಲ್ಲ ಅನ್ನುವ ಹಾಗಾಯಿತು. ಮೀನುಗಾರನ ದೋಣಿ ಹೋದರೆ, ತೆಂಗಿನ ತೋಟ ಮಲಗಿದರೆ, ಆ ಕುಟುಂಬ ಮತ್ತೆ ಏಳಲು ಎಷ್ಟು ವರ್ಷ ಬೇಕು? ಆ ಕೆಲಸ ಇನ್ನೂ ಬಾಕಿ ಇದೆ. ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. 1999ರ ಚಂಡಮಾರುತದ ಬಗ್ಗೆ ಕೇಂದ್ರಪಾಡಾ ಜಿಲ್ಲೆಯಲ್ಲಿ ನಡೆದ ಅಧ್ಯಯನದಲ್ಲಿ ಕಂಡದ್ದು ಇದು: ಹಳ್ಳಿಗೂ ಸಮುದ್ರಕ್ಕೂ ನಡುವೆ ಉಪ್ಪು ನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಅಗಲವಾಗಿ ಇದ್ದಲ್ಲಿ ಸಾವು ಕಡಿಮೆ. ಮುನ್ಸೂಚನೆ ಉಳಿಸಿದಷ್ಟು ಜೀವವನ್ನು ಕಾಡು ಉಳಿಸಿರಲಿಲ್ಲ, ಆದರೆ ಉಳಿಸಿತ್ತು. ಆ ಕಾಡನ್ನು ಕಡಿಯಲು ಬಿಡಬೇಕೋ ಬೇಡವೋ ಅನ್ನುವುದರಲ್ಲಿ ರಾಜ್ಯದ ಅರಣ್ಯ ಇಲಾಖೆ ಮತ್ತು ಕಂದಾಯ ಇಲಾಖೆಗಳ ಪಾತ್ರ ದೊಡ್ಡದು. ಹವಾಮಾನ ಬದಲಾವಣೆ ಅನ್ನುವ ಹೆಸರು ಆ ಕಡತದ ಮೇಲೆ ಇರುವುದೂ ಇಲ್ಲ.

ಈಗ ಸರಿಯಾಗಿ 25 ವರ್ಷ ಮುಂದೆ ಬನ್ನಿ. 2024ರ ಅಕ್ಟೋಬರ್ 29. ಜಾಗ ಸ್ಪೇನ್ ದೇಶದ ವೆಲೆನ್ಸಿಯಾ.

ಬೆಳಿಗ್ಗೆ ಎಂಟಕ್ಕೆ ಮೊದಲೇ ದೇಶದ ಹವಾಮಾನ ಸಂಸ್ಥೆ ಕೆಂಪು ಎಚ್ಚರಿಕೆ ಕೊಟ್ಟಿತ್ತು. ಆ ಎಚ್ಚರಿಕೆಯನ್ನು ನೋಡಿ ಅರ್ಥ ಮಾಡಿಕೊಳ್ಳಲು ಕಷ್ಟವೇನೂ ಇರಲಿಲ್ಲ, ಯಾಕೆಂದರೆ ಮೊದಲೇ ಬಂದಿದ್ದ ಮುನ್ಸೂಚನೆಯನ್ನು ನಂಬಿ ವೆಲೆನ್ಸಿಯಾ ವಿಶ್ವವಿದ್ಯಾಲಯ ಆ ದಿನದ ತರಗತಿಗಳನ್ನೇ ರದ್ದು ಮಾಡಿತ್ತು. ಚೀವಾ ಅನ್ನುವ ಊರಲ್ಲಿ ಎಂಟು ಗಂಟೆಯಲ್ಲಿ 491 ಮಿಲಿಮೀಟರ್ ಮಳೆ ಸುರಿಯಿತು. ಅದು ಅಲ್ಲಿ ಇಡೀ ವರ್ಷಕ್ಕೆ ಬೀಳುವಷ್ಟು ಮಳೆ. ಮೇಲೆ ಬಿದ್ದ ನೀರು ಒಣ ಹಳ್ಳಗಳಲ್ಲಿ ಇಳಿದು ಕೆಳಗಿನ ಊರುಗಳಿಗೆ ನುಗ್ಗಿತು. ಪೈಪೋರ್ತಾ ಅನ್ನುವ ಊರಲ್ಲಿ ಮಳೆಯೇ ಹೆಚ್ಚು ಬಂದಿರಲಿಲ್ಲ. ಜನ ಎಂದಿನಂತೆ ಕೆಲಸದಿಂದ ವಾಪಸ್ ಬರುತ್ತಿದ್ದರು. ಕಾರು ನೆನೆಯದಿರಲಿ ಅಂತ ನೆಲಮಾಳಿಗೆಯ ಗ್ಯಾರೇಜಿಗೆ ಇಳಿದವರು ಅಲ್ಲೇ ಸಿಕ್ಕಿಕೊಂಡರು. ಎಲ್ಲರ ಮೊಬೈಲ್‌ಗೆ ಒಟ್ಟಿಗೆ ಎಚ್ಚರಿಕೆ ಕಳಿಸುವ ವ್ಯವಸ್ಥೆ ಇತ್ತು. ಅಲ್ಲಿ ತುರ್ತು ನಿರ್ವಹಣೆ ಪ್ರಾದೇಶಿಕ ಸರ್ಕಾರದ ಹೊಣೆ, ಗುಂಡಿ ಒತ್ತಬೇಕಾದವರೂ ಅವರೇ. ಆ ಸಂದೇಶ ಹೋದದ್ದು ರಾತ್ರಿ 8 ಗಂಟೆ 11 ನಿಮಿಷಕ್ಕೆ. ಅಷ್ಟರಲ್ಲಿ ಎಷ್ಟೋ ಊರುಗಳಲ್ಲಿ ನೀರು ಕತ್ತಿನವರೆಗೆ ಬಂದಿತ್ತು. ಒಟ್ಟು 220ಕ್ಕೂ ಹೆಚ್ಚು ಜನ ಸತ್ತರು.

ಇದು ಬಡ ಪ್ರದೇಶ ಅಲ್ಲ. ದುಡ್ಡಿತ್ತು, ಉಪಗ್ರಹ ಇತ್ತು, ಮೊಬೈಲ್ ಎಲ್ಲರ ಕೈಯಲ್ಲಿತ್ತು. ನೆರೆ ಬರುವ ಜಾಗ ಯಾವುದು ಅಂತ ತೋರಿಸುವ ನಕ್ಷೆ ಮತ್ತು ಅದಕ್ಕೆ ತಕ್ಕ ಯೋಜನೆಯನ್ನು ಆ ಪ್ರಾದೇಶಿಕ ಸರ್ಕಾರವೇ 2003ರಲ್ಲಿ ಮಾಡಿತ್ತು, 2015ರಲ್ಲಿ ಪರಿಷ್ಕರಿಸಿತ್ತು. ಹಿಂದಿನ ಸರ್ಕಾರ ತುರ್ತು ಪರಿಸ್ಥಿತಿಗೆ ಅಂತ ಒಂದು ಹೊಸ ಘಟಕ ಮಾಡಿತ್ತು, 2023ರಲ್ಲಿ ಹೊಸ ಸರ್ಕಾರ ಬಂದು ಕೆಲವೇ ತಿಂಗಳಲ್ಲಿ ಅದನ್ನು ರದ್ದು ಮಾಡಿತು. ಆ ಘಟಕ ಇದ್ದಿದ್ದರೆ ಇಷ್ಟು ಜೀವ ಉಳಿಯುತ್ತಿತ್ತು ಅಂತ ಹೇಳಲು ಬರುವುದಿಲ್ಲ, ಅದಿನ್ನೂ ಎಳೆಯದು. ನನಗೆ ನೋವಾಗುವುದು ಬೇರೆ ಕಾರಣಕ್ಕೆ. 1957ರಲ್ಲಿ ವೆಲೆನ್ಸಿಯಾ ನಗರಕ್ಕೆ ದೊಡ್ಡ ನೆರೆ ಬಂದಿತ್ತು. ಆಮೇಲೆ ಅಲ್ಲಿಯ ತುರಿಯಾ ನದಿಯನ್ನೇ ನಗರದ ದಕ್ಷಿಣಕ್ಕೆ ತಿರುಗಿಸಿದರು. 2024ರಲ್ಲಿ ನಗರದ ನಡುಭಾಗ ಉಳಿದದ್ದು ಆ ಹಳೆಯ ಕಾಲುವೆಯಿಂದ. ಅಂದರೆ ನೆರೆಯ ನೆನಪು ಇದ್ದ ಕಡೆ ಜನ ಬದುಕಿದರು. ಆ ಕಾಲುವೆಯ ಆಚೆ ಬದಿಯ ಊರುಗಳು ಮುಳುಗಿದವು. ಪ್ರಾದೇಶಿಕ ಸರ್ಕಾರದ ಅಧ್ಯಕ್ಷರ ಮೇಲೆ ಒಂದು ವರ್ಷ ಜನ ಬೀದಿಗಿಳಿದು ಸಿಟ್ಟು ತೋರಿಸಿದರು, ಕೊನೆಗೆ 2025ರ ನವೆಂಬರ್‌ನಲ್ಲಿ ಅವರು ರಾಜೀನಾಮೆ ಘೋಷಿಸಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ನಾನು ಹೇಳಬೇಕೆಂದಿರುವ ಮಾತು ಇಲ್ಲೇ ಇದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು 7 ಶೇಕಡಾ ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಮಳೆ ಬಂದಾಗ ಹಿಂದಿಗಿಂತ ಜೋರಾಗಿ ಬರುತ್ತದೆ, ಇದನ್ನು ಯಾವ ರಾಜ್ಯವೂ ಒಂದೇ ತಾನಾಗಿ ತಡೆಯಲಾರದು. ಆದರೆ ಆ ಮಳೆ ಎಷ್ಟು ಜನರನ್ನು ಕೊಲ್ಲುತ್ತದೆ ಅನ್ನುವುದು ಬಹಳ ಮಟ್ಟಿಗೆ ರಾಜ್ಯದ ಕೈಯಲ್ಲಿದೆ. ಅದು ತೀರ್ಮಾನ ಆಗುವುದು ಮಳೆ ಬಂದ ದಿನ ಅಲ್ಲ. ಯಾವ ಸುದ್ದಿಯೂ ಇಲ್ಲದ ವರ್ಷಗಳಲ್ಲಿ, ಯಾರೂ ನೋಡದೆ ಇರುವಾಗ, ಆ ಪ್ರಾಧಿಕಾರವನ್ನು ಇಟ್ಟುಕೊಂಡರೋ ಮುಚ್ಚಿದರೋ, ಹುದ್ದೆ ತುಂಬಿದರೋ ಇನ್ನೊಬ್ಬ ಅಧಿಕಾರಿಗೆ ಹೆಚ್ಚುವರಿ ಹೊಣೆ ಅಂತ ಹಚ್ಚಿದರೋ, ಹಳ್ಳದ ಜಾಗದಲ್ಲಿ ಮನೆ ಕಟ್ಟಲು ಕೇಳಿದವರಿಗೆ ಬೇಡ ಅಂದರೋ ಸಹಿ ಹಾಕಿದರೋ, ಅದರಲ್ಲಿ ತೀರ್ಮಾನ ಆಗಿರುತ್ತದೆ.

ಸೆಕೆಯ ವಿಷಯದಲ್ಲೂ ಹೀಗೇ. ನೆರೆಯಲ್ಲಿ ಸತ್ತವರು ಕಣ್ಣಿಗೆ ಕಾಣುತ್ತಾರೆ. ಬಿಸಿಲಿಗೆ ಸತ್ತವರು ಕಾಣುವುದಿಲ್ಲ, ಹೃದಯಾಘಾತ ಅಂತಲೋ ವಯಸ್ಸಾಗಿತ್ತು ಅಂತಲೋ ಬರೆದುಕೊಳ್ಳುತ್ತಾರೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಉಷ್ಣಾಂಶ 46.8 ಡಿಗ್ರಿ ಮುಟ್ಟಿತು. ಆ ತಿಂಗಳು ಸತ್ತವರನ್ನು ಹಿಂದಿನ ವರ್ಷಗಳ ಮೇ ತಿಂಗಳ ಜೊತೆ ಹೋಲಿಸಿ ನೋಡಿದ ಸಂಶೋಧಕರಿಗೆ ಎಂದಿಗಿಂತ 1,300ಕ್ಕೂ ಹೆಚ್ಚು ಸಾವು ಕಂಡವು. ಆಮೇಲೆ ಪಾಲಿಕೆ ಮತ್ತು ಗಾಂಧಿನಗರದ ಸಾರ್ವಜನಿಕ ಆರೋಗ್ಯ ಸಂಸ್ಥೆಯವರು ಕೂತು 2013ರಲ್ಲಿ ಬಿಸಿಲಿಗೆ ಅಂತಲೇ ಒಂದು ಯೋಜನೆ ಮಾಡಿದರು. ದಕ್ಷಿಣ ಏಷ್ಯಾದಲ್ಲಿ ಅದೇ ಮೊದಲನೆಯದು. ಅದರಲ್ಲಿ ದೊಡ್ಡ ಯಂತ್ರ ಯಾವುದೂ ಇಲ್ಲ. ಮುನ್ಸೂಚನೆ ನೋಡಿ ಬಣ್ಣದ ಎಚ್ಚರಿಕೆ ಕೊಡುವುದು, ಯಾವ ಬಣ್ಣಕ್ಕೆ ಯಾರು ಯಾರಿಗೆ ಫೋನ್ ಮಾಡಬೇಕು ಅಂತ ಬರೆದಿಡುವುದು, ಕುಡಿಯುವ ನೀರಿನ ವ್ಯವಸ್ಥೆ, ಉದ್ಯಾನಗಳನ್ನು ಮಧ್ಯಾಹ್ನವೂ ತೆರೆದಿಡುವುದು, ಬಡವರ ಮನೆಯ ತಗಡಿನ ಚಾವಣಿಗೆ ಬಿಳಿ ಬಣ್ಣ ಬಳಿಯುವುದು. ಆ ನಗರದ ಒಂದು ಆಸ್ಪತ್ರೆಯಲ್ಲಿ ಬಾಣಂತಿಯರ ವಾರ್ಡ್ ಮೇಲಿನ ಮಹಡಿಯಲ್ಲಿತ್ತು, ಕಾದ ಚಾವಣಿಯ ಕೆಳಗೆ. ಅದನ್ನು ಕೆಳಗಿನ ಮಹಡಿಗೆ ಇಳಿಸಿದರು. ಸೆಕೆಗೆ ಕಾಯಿಲೆ ಬೀಳುವ ಎಳೆಗೂಸುಗಳ ಸಂಖ್ಯೆ ಕಡಿಮೆಯಾಯಿತು. ಇಷ್ಟೇ. ಒಂದು ವಾರ್ಡ್ ಕೆಳಗೆ ಇಳಿಸುವುದು ಹವಾಮಾನ ನೀತಿ ಅಂತ ಯಾರಿಗಾದರೂ ಹೊಳೆಯುತ್ತದೆಯಾ? ಆದರೆ ಅದೇ ನಿಜವಾದ ಹವಾಮಾನ ನೀತಿ.

ಇದು ನಗರದ ಮಟ್ಟದ ಕೆಲಸ ಆಯಿತು, ಪ್ರಾಂತ್ಯ ಏನು ಮಾಡಬಹುದು ಅಂತ ಕೇಳಬಹುದು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ನೋಡಿ. ಅದು ತಂಪು ಪ್ರದೇಶ, ಮನೆಗಳನ್ನು ಕಟ್ಟುವುದೇ ಒಳಗಿನ ಬಿಸಿ ಹೊರಗೆ ಹೋಗದ ಹಾಗೆ. 2021ರ ಜೂನ್ ಕೊನೆಯಲ್ಲಿ ಅಲ್ಲಿ ಯಾರೂ ಕಂಡಿರದ ಬಿಸಿ ಬಂತು. ಲಿಟ್ಟನ್ ಅನ್ನುವ ಊರಲ್ಲಿ 49.6 ಡಿಗ್ರಿ ದಾಖಲಾಯಿತು, ಮರುದಿನ ಆ ಊರೇ ಬೆಂಕಿಗೆ ಸುಟ್ಟುಹೋಯಿತು. ಪ್ರಾಂತ್ಯದಲ್ಲಿ ಒಂದು ವಾರದಲ್ಲಿ 619 ಜನ ಸೆಕೆಯಿಂದಲೇ ಸತ್ತರು. ಆ ಪ್ರಾಂತ್ಯದಲ್ಲಿ ಹಠಾತ್ತಾಗಿ, ಅಸಹಜವಾಗಿ ಆದ ಸಾವುಗಳನ್ನು ತನಿಖೆ ಮಾಡುವ ಕಚೇರಿ ಇದೆ. ಅವರು ವರ್ಷ ಪೂರ್ತಿ ಕೂತು ಲೆಕ್ಕ ಹಾಕಿದರು. ಸತ್ತವರಲ್ಲಿ 98 ಶೇಕಡಾ ಮಂದಿ ಮನೆಯ ಒಳಗೇ ಇದ್ದವರು. ಮೂರರಲ್ಲಿ ಎರಡು ಪಾಲು 70 ದಾಟಿದವರು. ಅರ್ಧಕ್ಕಿಂತ ಹೆಚ್ಚು ಮಂದಿ ಒಬ್ಬರೇ ಇದ್ದವರು. ಬಾಗಿಲು ತಟ್ಟಿ ಹೇಗಿದ್ದೀರಿ ಅಂತ ಕೇಳುವವರು ಇರಲಿಲ್ಲ.

ಇದನ್ನು ಓದಿದಾಗ ನನಗೆ ಬಹಳ ಸಂಕಟ ಆಯಿತು. ಆದರೆ ಒಂದು ಗೌರವವೂ ಬಂತು, ಯಾಕೆಂದರೆ ಸತ್ತವರು ಯಾರು, ಹೇಗೆ ಸತ್ತರು ಅಂತ ಒಂದು ಸರ್ಕಾರ ತನ್ನದೇ ತಪ್ಪು ಹೊರಬರುತ್ತದೆ ಅಂತ ಗೊತ್ತಿದ್ದೂ ಲೆಕ್ಕ ಹಾಕಿ ಜನರ ಮುಂದೆ ಇಟ್ಟಿತು. ಲೆಕ್ಕ ಇದ್ದರೆ ಕೆಲಸ ಎಲ್ಲಿ ಶುರು ಮಾಡಬೇಕು ಅಂತ ಗೊತ್ತಾಗುತ್ತದೆ. 2023ರಲ್ಲಿ ಕಡಿಮೆ ಆದಾಯದ, ಆರೋಗ್ಯ ಸರಿ ಇಲ್ಲದ ಜನರಿಗೆ 8 ಸಾವಿರ ಎ.ಸಿ.ಗಳನ್ನು ಉಚಿತವಾಗಿ ಕೊಡುವ ಕೆಲಸಕ್ಕೆ ಕೈ ಹಾಕಿದರು. 2024ರ ಕಟ್ಟಡ ನಿಯಮದಲ್ಲಿ, ಹೊಸ ಮನೆಗಳಲ್ಲಿ ಕನಿಷ್ಠ ಒಂದು ಕೋಣೆಯಾದರೂ 26 ಡಿಗ್ರಿ ದಾಟದ ಹಾಗೆ ಇರಬೇಕು ಅಂತ ಸೇರಿಸಿದರು. ಕಟ್ಟಡ ನಿಯಮ ಅನ್ನುವುದು ಎಷ್ಟು ನೀರಸವಾದ ವಿಷಯ ಅಲ್ವಾ? ಅದರ ಮೇಲೆ ಯಾರೂ ಭಾಷಣ ಮಾಡುವುದಿಲ್ಲ. ಆದರೆ ಇವತ್ತು ಕಟ್ಟುವ ಮನೆ ಇನ್ನು 50 ವರ್ಷ ನಿಲ್ಲುತ್ತದೆ. ಅದರ ಒಳಗೆ ಒಬ್ಬ ಅಜ್ಜಿ ಬದುಕುತ್ತಾರೋ ಬೇಯುತ್ತಾರೋ ಅನ್ನುವುದು ಆ ನಿಯಮದ ಒಂದು ಸಾಲಿನಲ್ಲಿದೆ.

ಇಲ್ಲಿಯವರೆಗೆ ಹೇಳಿದ್ದು ಬಂದದ್ದನ್ನು ಎದುರಿಸುವ ಮಾತು. ಹೊಗೆ ಕಡಿಮೆ ಮಾಡುವ ವಿಷಯ ಬಂದರೆ ರಾಜ್ಯಗಳು ಹೇಳುವ ಒಂದು ಮಾತಿದೆ. ನಾವು ಚಿಕ್ಕವರು, ನಮ್ಮ ಪಾಲು ಸಮುದ್ರದಲ್ಲಿ ಒಂದು ಹನಿ, ದೊಡ್ಡ ದೇಶಗಳು ಮೊದಲು ಮಾಡಲಿ. ಹನಿಗೂಡಿದರೆ ಹಳ್ಳ ಅಂತ ನಮ್ಮ ಹಿರಿಯರು ಸುಮ್ನೆ ಹೇಳಿದ್ದಲ್ಲ. ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಜನಸಂಖ್ಯೆ 20 ಲಕ್ಷವೂ ಇಲ್ಲ. 2000ನೇ ಇಸವಿ ಸುಮಾರಿಗೆ ಅಲ್ಲಿ ಗಾಳಿ ಮತ್ತು ಬಿಸಿಲಿನಿಂದ ಬರುತ್ತಿದ್ದ ವಿದ್ಯುತ್ ಇಲ್ಲವೆನ್ನುವಷ್ಟು ಕಡಿಮೆ. 2016ರ ಮೇನಲ್ಲಿ ಅವರು ತಮ್ಮ ಕೊನೆಯ ಕಲ್ಲಿದ್ದಲು ಸ್ಥಾವರ ಮುಚ್ಚಿದರು. ಅದೇ ಸೆಪ್ಟೆಂಬರ್ 28ಕ್ಕೆ ಬಿರುಗಾಳಿ ಬಂದು ದೊಡ್ಡ ದೊಡ್ಡ ವಿದ್ಯುತ್ ಗೋಪುರಗಳು ಉರುಳಿದವು, ಇಡೀ ರಾಜ್ಯ ಕತ್ತಲಾಯಿತು. ಗಾಳಿ ಯಂತ್ರ ನಂಬಿದ್ದಕ್ಕೇ ಹೀಗಾಯಿತು ಅಂತ ದೇಶದ ತುಂಬಾ ಕೂಗೆದ್ದಿತು. ತನಿಖೆಯಲ್ಲಿ ಕಂಡದ್ದು ಬೇರೆ. ಗೋಪುರಗಳು ಬಿದ್ದ ಏಟಿಗೆ ವೋಲ್ಟೇಜ್ ಮತ್ತೆ ಮತ್ತೆ ಕುಸಿಯಿತು, ಗಾಳಿ ಯಂತ್ರಗಳಲ್ಲಿ ಮೊದಲೇ ಹಾಕಿಟ್ಟಿದ್ದ ರಕ್ಷಣಾ ಸೆಟ್ಟಿಂಗ್‌ನಿಂದ ಅವು ತಾವೇ ಹಿಂದೆ ಸರಿದವು. ಸೆಟ್ಟಿಂಗ್ ಬದಲಾಯಿಸಿದರು.

ಆಗ ಆ ಸರ್ಕಾರ ಹಿಂದೆ ಹೋಗಬಹುದಿತ್ತು. ಕಲ್ಲಿದ್ದಲಿಗೆ ವಾಪಸ್ ಹೋಗಿದ್ದರೆ ಅದನ್ನು ಮೆಚ್ಚುವವರೂ ಬಹಳ ಇದ್ದರು. ಹೋಗಲಿಲ್ಲ. 2017ರಲ್ಲಿ 100 ಮೆಗಾವ್ಯಾಟ್‌ನ ಲಿಥಿಯಂ ಅಯಾನ್ ಬ್ಯಾಟರಿ ಹಾಕಿಸಿದರು, ಆ ಬಗೆಯದರಲ್ಲಿ ಆಗ ಜಗತ್ತಿನಲ್ಲೇ ದೊಡ್ಡದು. ಮರುವರ್ಷ ಚುನಾವಣೆಯಲ್ಲಿ ಆ ಪಕ್ಷ ಸೋತಿತು. ಗೆದ್ದು ಬಂದ ಎದುರು ಪಕ್ಷದವರು ಈ ಕೆಲಸ ನಿಲ್ಲಿಸಲಿಲ್ಲ, ಮನೆ ಮನೆಗೆ ಬ್ಯಾಟರಿ ಹಾಕಿಸಲು ಸಹಾಯಧನ ಕೊಟ್ಟರು, 2030ಕ್ಕೆ ನಿವ್ವಳ 100 ಶೇಕಡಾ ನವೀಕರಿಸಬಹುದಾದ ವಿದ್ಯುತ್ ಅಂದರು. 2022ರಲ್ಲಿ ಮತ್ತೆ ಹಳೆಯ ಪಕ್ಷ ಬಂತು, ಗುರಿಯನ್ನು 2027ಕ್ಕೆ ಎಳೆದು ತಂದಿತು. ಈಗ ಅಲ್ಲಿ ಬೇಕಾಗುವ ವಿದ್ಯುತ್ತಿನ 70 ಶೇಕಡಾ ಗಾಳಿ ಮತ್ತು ಬಿಸಿಲಿನದೇ. ವಿದ್ಯುತ್ ದುಬಾರಿ ಅನ್ನುವ ದೂರು ಅಲ್ಲಿ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ನನಗೆ ಮುಖ್ಯ ಅನ್ನಿಸಿದ್ದು ಆ ಬ್ಯಾಟರಿ ಅಲ್ಲ. ಮೂರು ಸರ್ಕಾರ, ಎರಡು ಪಕ್ಷ, ಒಂದೇ ದಾರಿ. ಒಡಿಶಾದಲ್ಲೂ ಆದದ್ದು ಇದೇ ಅಲ್ವಾ? ಹಿಂದಿನವರು ಮಾಡಿದ್ದು ಅಂತ ಒಡೆದು ಹಾಕಲಿಲ್ಲ.

ಸ್ಕಾಟ್‌ಲೆಂಡ್ ಕಥೆಯನ್ನೂ ಎರಡು ಮಾತಲ್ಲಿ ಹೇಳುತ್ತೇನೆ. 2030ರೊಳಗೆ ಹೊಗೆಯನ್ನು 1990ರ ಮಟ್ಟದಿಂದ 75 ಶೇಕಡಾ ಇಳಿಸುತ್ತೇವೆ ಅಂತ ಅವರು 2019ರಲ್ಲಿ ಕಾನೂನನ್ನೇ ಮಾಡಿದ್ದರು. ಹೇಳಿದ್ದು ದೊಡ್ಡದು, ಮಾಡಿದ್ದು ಸಾಲಲಿಲ್ಲ. ಮನೆ ಬೆಚ್ಚಗೆ ಇಡುವ ಬಾಯ್ಲರುಗಳು ಬದಲಾಗಲಿಲ್ಲ, ವಾಹನಗಳ ಹೊಗೆ ಬೇಕಾದಷ್ಟು ಇಳಿಯಲಿಲ್ಲ. 2024ರ ಮಾರ್ಚ್‌ನಲ್ಲಿ ಸ್ವತಂತ್ರ ಸಮಿತಿ ಇದು ಇನ್ನು ಆಗುವ ಮಾತಲ್ಲ ಅಂದಿತು. ಏಪ್ರಿಲ್‌ನಲ್ಲಿ ಸರ್ಕಾರ ಗುರಿ ಕೈಬಿಟ್ಟಿತು. ಬೇಜಾರಿನ ವಿಷಯವೇ. ಆದರೂ ನಾನು ಅದನ್ನು ಪೂರ್ತಿ ಸೋಲು ಅನ್ನುವುದಿಲ್ಲ. ಅಲ್ಲಿ ಪ್ರತಿ ವರ್ಷದ ಲೆಕ್ಕ ಇತ್ತು, ಲೆಕ್ಕ ನೋಡುವವರು ಸರ್ಕಾರದ ಹಂಗಿನಲ್ಲಿ ಇರಲಿಲ್ಲ, ಹಾಗಾಗಿ ತಪ್ಪಿದ್ದು 2030ಕ್ಕೆ ಆರು ವರ್ಷ ಮೊದಲೇ ಎಲ್ಲರಿಗೂ ಗೊತ್ತಾಯಿತು. ಎಷ್ಟೋ ಕಡೆ ಗುರಿ ತಪ್ಪಿದ್ದೂ ಗೊತ್ತಾಗುವುದಿಲ್ಲ, ಯಾಕೆಂದರೆ ನಡುವೆ ನೋಡುವವರೇ ಇಲ್ಲ. 2050, 2060, 2070 ಅಂತ ಗುರಿ ಹಾಕುತ್ತಾರೆ. ಅವತ್ತಿಗೆ ಉತ್ತರ ಹೇಳಲು ಇವತ್ತು ಸಹಿ ಹಾಕಿದವರು ಅಧಿಕಾರದಲ್ಲಿ ಇರುವುದಿಲ್ಲ. ಮಕ್ಕಳು ಇರುತ್ತಾರೆ.

ಭಾರತದಲ್ಲಿ 2008ರಲ್ಲಿ ದೇಶದ ಕ್ರಿಯಾ ಯೋಜನೆ ಬಂತು, ಮರುವರ್ಷ ಎಲ್ಲ ರಾಜ್ಯಗಳೂ ತಮ್ಮದೇ ಯೋಜನೆ ಮಾಡಿಕೊಳ್ಳಿ ಅಂತ ಕೇಂದ್ರ ಹೇಳಿತು. ರಾಜ್ಯಗಳು ಮಾಡಿದವು, ಕೆಲವು ಮತ್ತೆ ಪರಿಷ್ಕರಿಸಿವೆ. ನೂರಾರು ಪುಟಗಳ ದಾಖಲೆಗಳು ಅವು. ಅವನ್ನು ತಯಾರಿಸಿದವರ ಶ್ರಮವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಇಂಥ ಯಾವ ಯೋಜನೆ ಕೈಗೆ ಸಿಕ್ಕರೂ, ಯಾವ ದೇಶದ್ದಾದರೂ, ಓದುವಾಗ ನನಗೆ ಬೇಕಾದದ್ದು ಸಿಗುವುದು ಅಪರೂಪ. ಈ ಕೆಲಸ ಯಾವ ಅಧಿಕಾರಿಯದು? ಆ ಹುದ್ದೆ ತುಂಬಿದೆಯಾ? ಈ ವರ್ಷದ ಬಜೆಟ್‌ನಲ್ಲಿ ಇದಕ್ಕೆ ದುಡ್ಡು ಯಾವ ಸಾಲಿನಲ್ಲಿದೆ? ಕಳೆದ ಸಲ ಬರೆದದ್ದರಲ್ಲಿ ಎಷ್ಟಾಯಿತು, ಯಾವುದು ಆಗಲಿಲ್ಲ, ಯಾಕೆ ಆಗಲಿಲ್ಲ? ಕೊನೆಯ ಪ್ರಶ್ನೆಗೆ ಉತ್ತರವಂತೂ ಇರುವುದೇ ಇಲ್ಲ ಅನ್ನಬಹುದು. ಬದಲಿಗೆ ಬಲಪಡಿಸಲಾಗುವುದು, ಉತ್ತೇಜಿಸಲಾಗುವುದು, ಪರಿಶೀಲಿಸಲಾಗುವುದು ಅನ್ನುವ ಮಾತುಗಳು ಇರುತ್ತವೆ. ಯಾರು ಅಂತ ಹೇಳದೆ ಇರಲು ಈ ಬಗೆಯ ಕ್ರಿಯಾಪದ ಬಹಳ ಅನುಕೂಲ.

ಇನ್ನೊಂದು ತೊಂದರೆ ಇದೆ. ಹವಾಮಾನ ಬದಲಾವಣೆಯನ್ನು ಪರಿಸರ ಇಲಾಖೆಗೆ ಕೊಟ್ಟು ಉಳಿದವರು ಕೈತೊಳೆದುಕೊಳ್ಳುವುದು. ಸಾಮಾನ್ಯವಾಗಿ ಅದು ಚಿಕ್ಕ ಇಲಾಖೆ, ದುಡ್ಡೂ ಕಡಿಮೆ, ಮಾತಿಗೆ ಬೆಲೆಯೂ ಕಡಿಮೆ. ರಸ್ತೆ ಮಾಡುವವರು ಬೇರೆ, ಅಣೆಕಟ್ಟಿನ ಗೇಟು ತೆರೆಯುವವರು ಬೇರೆ, ಬಸ್ಸು ಓಡಿಸುವವರು ಬೇರೆ, ಲೇಔಟಿಗೆ ಒಪ್ಪಿಗೆ ಕೊಡುವವರು ಬೇರೆ. ಅವರಿಗೆಲ್ಲ ಇದು ಪಕ್ಕದ ಮನೆಯ ಕೆಲಸ. ಒಡಿಶಾದಲ್ಲಿ ಚಂಡಮಾರುತ ಬಂದಾಗ ಶಾಲೆ, ಆಸ್ಪತ್ರೆ, ಪೊಲೀಸು, ಪಂಚಾಯಿತಿ ಎಲ್ಲರಿಗೂ ಅವರವರ ಪಾಲಿನ ಕೆಲಸ ಗೊತ್ತಿತ್ತು. ಹಾಗಾಗಿಯೇ ಒಂದೆರಡು ದಿನದಲ್ಲಿ 12 ಲಕ್ಷ ಜನರನ್ನು ಎಬ್ಬಿಸಲು ಆಯಿತು. ಒಂದು ಇಲಾಖೆಯಿಂದ ಆಗುವ ಕೆಲಸವಾ ಅದು?

ಈಗ ನಿಮ್ಮಲ್ಲಿ ನನ್ನ ಬೇಡಿಕೆ. ಸರ್ಕಾರವನ್ನು ಬಯ್ಯಿರಿ ಅಂತ ಬರೆಯುತ್ತಿಲ್ಲ. ನೆರೆ ಬಂದ ದಿನ ನಿಮ್ಮ ವರದಿಗಾರರು ಎದೆಮಟ್ಟ ನೀರಿನಲ್ಲಿ ನಿಂತು ಸುದ್ದಿ ಕಳಿಸುತ್ತಾರೆ, ಅದಕ್ಕೆ ನಾವು ಋಣಿಗಳು. ಆದರೆ ಮಳೆ ನಿಂತ ಮೇಲೂ ಅದೇ ಊರಿಗೆ ಹೋಗಿ ಬರಲು ಅವರಿಗೆ ಪುರುಸೊತ್ತು ಕೊಡಿ. ಬೇಸಿಗೆಯ ನಡುವೆ ಒಂದು ದಿನ ವಿಪತ್ತು ನಿರ್ವಹಣೆಯ ಕಚೇರಿಗೆ ಹೋಗಿ ಎಷ್ಟು ಕುರ್ಚಿ ಖಾಲಿ ಇವೆ ಅಂತ ಎಣಿಸಿ ಬರೆಯಲಿ. ಎಚ್ಚರಿಕೆ ಸಂದೇಶ ಕಳಿಸುವ ಅಧಿಕಾರ ಯಾರಿಗಿದೆ, ಆ ಮನುಷ್ಯ ಊಟಕ್ಕೆ ಹೋಗಿದ್ದರೆ ಅಥವಾ ಫೋನಿಗೆ ಸಿಗದಿದ್ದರೆ ಇನ್ಯಾರು ಕಳಿಸಬಹುದು ಅಂತ ಕೇಳಲಿ. ಐದು ವರ್ಷದ ಹಿಂದಿನ ಯೋಜನೆಯ ಪುಸ್ತಕ ತೆಗೆದುಕೊಂಡು ಹೋಗಿ, ಒಂದು ಪುಟ ತೆರೆದು, ಇದು ಎಲ್ಲಿಗೆ ಬಂತು ಸ್ವಾಮಿ ಅಂತ ಕೇಳಲಿ. ಅಣಕು ಕಾರ್ಯಾಚರಣೆ ನಡೆದರೆ ಅದರ ಫೋಟೋ ಹಾಕಿ ಬಿಡುವ ಬದಲು ಪೂರ್ತಿ ನಿಂತು ನೋಡಿ, ಎಲ್ಲಿ ಎಡವಿದರು ಅಂತ ಬರೆಯಲಿ. ಎಡವಿದ್ದು ಬರೆದರೆ ಅಧಿಕಾರಿಗಳಿಗೆ ಮುಜುಗರ ಆಗುತ್ತದೆ ನಿಜ, ಆದರೆ ಅಣಕಿನಲ್ಲಿ ಎಡವಿದ್ದು ಗೊತ್ತಾದರೆ ನಿಜವಾದ ದಿನ ಒಂದು ಮನೆಯಾದರೂ ಉಳಿಯುತ್ತದೆ.

ಚೆನ್ನಾಗಿ ಮಾಡಿದ್ದನ್ನೂ ಬರೆಯಿರಿ. ಹಳ್ಳದ ಜಾಗದಲ್ಲಿ ಕಟ್ಟಡಕ್ಕೆ ಒಪ್ಪಿಗೆ ಕೊಡದೆ ವರ್ಗಾವಣೆ ಆಗಿ ಹೋಗುವ ಅಧಿಕಾರಿಯ ಹೆಸರು ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ನೆರೆ ಬಂದರೂ ಸಾಯಲು ಜನ ಇರುವುದಿಲ್ಲ, ಆದ್ದರಿಂದ ಅದು ಸುದ್ದಿಯೂ ಆಗುವುದಿಲ್ಲ. ಆಗದೆ ಉಳಿದ ಅನಾಹುತಕ್ಕೆ ಯಾರೂ ಹಾರ ಹಾಕುವುದಿಲ್ಲ. ಹೀಗಾಗಿಯೇ ಸರ್ಕಾರಗಳಿಗೆ ಪರಿಹಾರದ ಚೆಕ್ ಹಂಚುವುದರಲ್ಲಿ ಇರುವ ಆಸೆ, ಅನಾಹುತ ತಡೆಯುವುದರಲ್ಲಿ ಇರುವುದಿಲ್ಲ. ಈ ಒಂದು ಕಡೆ ಪತ್ರಿಕೆಗಳು ಏನಾದರೂ ಬದಲಾವಣೆ ತರಬಹುದು ಅಂತ ನಾನು ನಿಜವಾಗಲೂ ನಂಬಿದ್ದೇನೆ.

ಮುಂದಿನ ಅಕ್ಟೋಬರ್ 29ಕ್ಕೆ ದಯವಿಟ್ಟು ಒಂದು ಪುಟ ಎತ್ತಿಡಿ. ಎರಸಮಾದಲ್ಲಿ ಬದುಕಿ ಉಳಿದವರು ಮತ್ತು ಪೈಪೋರ್ತಾದಲ್ಲಿ ಬದುಕಿ ಉಳಿದವರು ಏನು ಹೇಳುತ್ತಾರೆ ಅಂತ ಅಕ್ಕಪಕ್ಕದಲ್ಲಿ ಹಾಕಿ. ಅದರ ಕೆಳಗೆ ಸರ್ಕಾರದ ಉತ್ತರಕ್ಕೆ ಜಾಗ ಬಿಡಿ, ಪ್ರಶ್ನೆಗಳನ್ನು ಒಂದು ತಿಂಗಳು ಮೊದಲೇ ಬರವಣಿಗೆಯಲ್ಲಿ ಕಳಿಸಿ. ಉತ್ತರ ಬಾರದಿದ್ದರೆ ಆ ಜಾಗವನ್ನು ಖಾಲಿಯಾಗಿಯೇ ಅಚ್ಚು ಮಾಡಿ.

ಇಂತಿ,
ನಿಮ್ಮ ಪತ್ರಿಕೆಯ ಬಹುಕಾಲದ ಓದುಗ